ಸಹಿ ಕೇಳಲು ಹಳಿಯಾಳಕ್ಕೆ ಹೋದದ್ದು

ನನಗೆ ವಿಮಾನ ಹಾರಿಸಲು ಕಲಿಸಿದ ಸರ್ ಹಳಿಯಾಳದವರು. ರಜೆಗೆ ಬಂದಾಗಲೆಲ್ಲ ತಮ್ಮ ಹಳೆಯ ಜೀಪನ್ನು ದಾಂಡೇಲಿಯ ನಮ್ಮ ಅಬ್ಬಾನ ಗ್ಯಾರೇಜಿಗೆ ರಿಪೇರಿಗೆ ತರುತ್ತಿದ್ದರು. ಪಿಯುಸಿ ಮುಗಿಸಿ ಅಲ್ಲಿ ಬಿಲ್ಲು ಬರೆಯುತ್ತಿದ್ದ ನನ್ನನ್ನು ಒಂದು ದಿನ, ಗಣಿತ ಚೆನ್ನಾಗಿ ಬರುತ್ತದಲ್ಲ, ಪೈಲಟ್ ಯಾಕಾಗಬಾರದು ಎಂದು ಕೇಳಿದರು. ನಾನು ನಕ್ಕೆ. ಅಬ್ಬಾ ನಗಲಿಲ್ಲ. ಮರುವರ್ಷ ಗ್ಯಾರೇಜು ಬೇರೆಯವರ ಹೆಸರಿಗಾಯಿತು, ಅಬ್ಬಾ ಅಲ್ಲೇ ಸಂಬಳಕ್ಕೆ ನಿಂತರು. ನಾನು ದೂರದ ರಾಜ್ಯದಲ್ಲಿ ಸರ್ ಕಲಿಸುತ್ತಿದ್ದ ಫ್ಲೈಯಿಂಗ್ ಸ್ಕೂಲಿಗೆ ಸೇರಿದೆ.

ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಆದರೆ ವಿಮಾನ ಇಳಿಸುವ ಹೊತ್ತಿಗೆ ನನ್ನ ಕೈ ಬಿಗಿದುಕೊಂಡರೆ ಪಕ್ಕದ ಸೀಟಿನಿಂದ ಸರ್, "ಸಾವಕಾಶ ತಂಗಿ, ಭೂಮಿ ಎಲ್ಲೂ ಓಡಿ ಹೋಗೂದಿಲ್ಲ" ಎನ್ನುತ್ತಿದ್ದರು. ಚಳಿಗಾಲದ ಒಂದು ಬೆಳಿಗ್ಗೆ ಅವರು ಕೆಳಗಿಳಿದು ಬಾಗಿಲು ಹಾಕಿ, ಒಬ್ಬಳೇ ಹೋಗಿ ಬಾ ಎಂದು ಕೈಮಾಡಿದರು. ಅವರ ಭಾರವಿಲ್ಲದೆ ವಿಮಾನ ಎಷ್ಟು ಹಗುರಾಗಿ ಏರಿತೆಂದರೆ ನನಗೆ ಹೆದರಿಕೆಯಾಯಿತು. ಒಂದು ಸುತ್ತು ಹಾಕಿ ಇಳಿದಾಗ ಸರ್ ಕರ್ಚೀಫಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಧೂಳು ಎಂದರು.

ಹಾರಿ ಬಂದ ಮೇಲೆ ಅದನ್ನು ಲಾಗ್‌ಬುಕ್ಕಿನಲ್ಲಿ ಬರೆಯಬೇಕು, ಕಲಿಸಿದವರು ಸಹಿ ಮಾಡಬೇಕು. ಸಹಿಯಿಲ್ಲದ ಹಾರಾಟ ಲೈಸೆನ್ಸಿಗೆ ಲೆಕ್ಕಕ್ಕಿಲ್ಲ. ಸರ್‌ಗೆ ಈ ಕಾಗದದ ಕೆಲಸವೆಂದರೆ ಬೇಸರ. ಹವೆ ಚೆನ್ನಾಗಿದೆ, ಮುಂದಿನ ವಿದ್ಯಾರ್ಥಿ ಕಾಯುತ್ತಿದ್ದಾನೆ. "ನಾಳೆ ಕುಂತು ಎಲ್ಲಾ ಒಮ್ಮೆಲೆ ಮಾಡೂಣು" ಎನ್ನುವರು. ನನ್ನನ್ನು ಒಬ್ಬಳೇ ಬಿಡಬಹುದು ಎಂದು ಅವರು ಸ್ಕೂಲಿನ ದಾಖಲೆಯಲ್ಲಿ ಬರೆಯಬೇಕಿದ್ದ ಜಾಗವೂ ಖಾಲಿಯೇ ಉಳಿಯಿತು. ಯಾರೂ ಗಮನಿಸಲಿಲ್ಲ. ಅಷ್ಟು ಅಕ್ಕರೆಯಿಂದ ಕಲಿಸುವ ಸರ್ ಮುಂದೆ ಪುಸ್ತಕ ಹಿಡಿದು ನಿಂತು ಪೀಡಿಸಲು ನನಗೂ ಸಂಕೋಚ.

ಬೇಸಿಗೆಯಲ್ಲಿ ಊರಿಗೆ ಬಂದ ಸರ್‌ಗೆ ಲಕ್ವ ಹೊಡೆಯಿತು. ಬಲಗಡೆ ಬಿದ್ದುಹೋಯಿತು, ಒಂದೆರಡು ಶಬ್ದ ಬಿಟ್ಟರೆ ಮಾತೂ ಹೋಯಿತು. ನಾನು ಲೈಸೆನ್ಸಿನ ಪರೀಕ್ಷೆಗೆ ಅರ್ಜಿ ಹಾಕಿದಾಗಲೇ ಸ್ಕೂಲಿನವರು ಸಹಿಯಿಲ್ಲದ ಆ ಪುಟಗಳನ್ನು ನೋಡಿದ್ದು. ಅಲ್ಲಿಯ ಮುಖ್ಯಸ್ಥರು ಕೆಟ್ಟವರಲ್ಲ. ನಿನ್ನ ಜೊತೆ ನಾನು ಹಾರಿಲ್ಲ, ಹೇಗೆ ಸಹಿ ಮಾಡಲಿ ಎಂದರು. ಕಲಿಸಿದವರಿಂದಲೇ ಮಾಡಿಸಿ ತಂದರೆ ಮೇಲಿನವರನ್ನು ಕೇಳಿ ನೋಡಬಹುದು, ಇಲ್ಲದಿದ್ದರೆ ಅಷ್ಟನ್ನೂ ಮತ್ತೆ ಹಾರಬೇಕು ಎಂದರು.

ಅಬ್ಬಾ ಮತ್ತು ನಾನು ಬಸ್ಸು ಹತ್ತಿ ಹಳಿಯಾಳಕ್ಕೆ ಹೋದೆವು. ಸರ್ ಕಿಟಕಿಯ ಬಳಿಯ ಮಂಚದಲ್ಲಿ ಒರಗಿದ್ದರು. ಅವರ ಹೆಂಡತಿ ಚಹಾ ಕೊಡುತ್ತ, "ದಿನಾ ಬುಕ್ ಬುಕ್ ಅಂತಾರ್ರಿ. ಯಾವ ಬುಕ್ಕಂತ ನಮಗ ತಿಳೀವಲ್ದು" ಎಂದರು. ಅಷ್ಟರಲ್ಲಿ ಸರ್ ನನ್ನನ್ನು ನೋಡಿ ಎಡಗೈ ಎತ್ತಿ ಗಾಳಿಯಲ್ಲಿ ಬರೆಯುವಂತೆ ಆಡಿಸತೊಡಗಿದರು. ಕಣ್ಣಿಂದ ನೀರು ಇಳಿಯುತ್ತಿತ್ತು.

ಒಳಕೋಣೆಗೆ ಕರೆದು ವಿಷಯ ತಿಳಿಸಿದ ಮೇಲೆ ಅವರ ಹೆಂಡತಿ ಮೆಲ್ಲಗೆ, ಬ್ಯಾಂಕಿನ ಕಾಗದಕ್ಕೆ ಮಾಡಿಸಿದ ಹಾಗೆ ಕೈಹಿಡಿದು ಗೀಟು ಹಾಕಿಸುತ್ತೇನೆ ಎಂದರು. ಅಬ್ಬಾ ನನ್ನ ಮುಖ ನೋಡಿದರು. ಆ ಗೀಟನ್ನು ಯಾವ ಕಚೇರಿಯೂ ಒಪ್ಪುವುದಿಲ್ಲ ಎಂದು ನನಗೆ ಗೊತ್ತಿತ್ತು. ತಮ್ಮಿಂದ ಆಗಲಿಲ್ಲ ಎಂದು ಗೊತ್ತಾದರೆ ಸರ್‌ಗೆ ಏನಾಗುತ್ತದೆ ಎಂಬುದೂ ಕಾಣುತ್ತಿತ್ತು. ಲಾಗ್‌ಬುಕ್ಕಿದ್ದ ಬ್ಯಾಗಿನ ಜಿಪ್ಪು ತೆಗೆಯಲಿಲ್ಲ. ಮಂಚದ ಹತ್ತಿರ ಹೋಗಿ ಕೂತೆ.

"ಎಲ್ಲಾ ಆಗೈತ್ರಿ ಸರ್" ಎಂದೆ. "ಊರಿಗೆ ಬರೋಕಿಂತ ಮೊದಲ ನೀವ ಕುಂತು ಸಹಿ ಮಾಡೀರಿ. ನಿಮಗ ನೆನಪಿಲ್ಲ, ಅಷ್ಟ."

ಸರ್ ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಗಾಳಿಯಲ್ಲಿ ಬರೆಯುತ್ತಿದ್ದ ಆ ಕೈ ಚಾದರದ ಮೇಲೆ ಇಳಿಯಿತು.

ಬಸ್ಸಿನಲ್ಲಿ ಅಬ್ಬಾ, ಮತ್ತೆ ಹಾರಲು ಏನಾದರೂ ದಾರಿ ಮಾಡುತ್ತೇನೆ ಎಂದರು. ಮಾರಲು ಇನ್ನೇನೂ ಉಳಿದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾನು ಹೂಂ ಎಂದೆ.

ಈಗ ಜೊಯಿಡಾದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಸರ್ ಆಮೇಲೂ ಒಂದೆರಡು ಮಳೆಗಾಲ ಇದ್ದರು. ಅವತ್ತಿನಿಂದ ಅವರು ಪುಸ್ತಕ ಕೇಳಲೇ ಇಲ್ಲವಂತೆ. ತೀರಿಕೊಂಡಾಗ ಹೋಗಿದ್ದೆ. ನಾನು ಹಾರಾಟ ಬಿಟ್ಟದ್ದನ್ನು ಆ ಮನೆಯಲ್ಲಿ ಹೇಳಿರಲಿಲ್ಲ. ಅವರ ಹೆಂಡತಿ ಮನೆ ತುಂಬ ಕೂತಿದ್ದ ನೆಂಟರಿಗೆ ನನ್ನನ್ನು ತೋರಿಸಿ, "ಇಕಿ ಅವರ ಕಡೆ ಕಲತಾಕಿ. ಪೈಲಟ್ ಅದಾಳ" ಎಂದರು. ಮುದುಕರೊಬ್ಬರು ಯಾವ ವಿಮಾನ ಹಾರಿಸುತ್ತೀ ಎಂದು ಕೇಳಿದರು.

"ಸಣ್ಣವು ರೀ" ಎಂದೆ.

ಹೊರಗೆ ಬಂದು ಚಪ್ಪಲಿ ಹುಡುಕುವಾಗ ಅಳು ತಡೆಯಲಾಗಲಿಲ್ಲ. ಸರ್‌ಗಾಗಿ ಅಳುತ್ತಿದ್ದೇನೆಂದು ಎಲ್ಲರೂ ತಿಳಿದರು. ಅದೂ ಸುಳ್ಳಾಗಿರಲಿಲ್ಲ.