ಅಂಜಲ್ ಅಲ್ಲದ ಮೀನು

ಅವಳ ಬಲಗೈ ತೋರುಬೆರಳಿನ ತುದಿಗೆ ಅಡ್ಡವಾಗಿ ಒಂದು ಬಿಳಿ ಗೆರೆ ಇತ್ತು. ಆರು ವರ್ಷದವಳಿದ್ದಾಗ, ಅಪ್ಪನ ದೋಣಿಯಲ್ಲಿ ಬಿದ್ದಿದ್ದ ಮೀನಿನ ಬಾಯಿಗೆ ಕೈ ಹಾಕಿ ಕುಯ್ಯಿಸಿಕೊಂಡದ್ದಂತೆ. ಆ ಬೆರಳಿನ ಮೇಲೆ ನನಗೆ ಹನ್ನೆರಡು ವರ್ಷ ಹೊಟ್ಟೆಕಿಚ್ಚಿತ್ತು. ಬೆರಳಿನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರಾ ಅಂದರೆ, ನಾನು ಪಟ್ಟಿದ್ದೇನೆ.

ಅವಳು ನನ್ನ ಓರಗಿತ್ತಿ, ಮೈದುನನ ಹೆಂಡತಿ. ತೊಂಬತ್ತರ ದಶಕದ ನಡುವೆ ಮಲ್ಪೆ ಕಡೆಯಿಂದ ಘಾಟಿ ಹತ್ತಿ, ಕೊಟ್ಟಿಗೆಹಾರದ ಹತ್ತಿರದ ನಮ್ಮ ಮನೆಗೆ ಬಂದವಳು. ಅಲ್ಲಿಯವರೆಗೆ ಮನೆಗೆ ಮೀನು ಆರಿಸುವುದು ನನ್ನ ಕೆಲಸವಾಗಿತ್ತು. ಬೇರೆ ಯಾವುದರಲ್ಲೂ ಅತ್ತೆ ನನ್ನ ಮಾತು ಕೇಳುತ್ತಿರಲಿಲ್ಲ. ಕಾಫಿಪುಡಿ ಡಬ್ಬಿ ಕೂಡ ಅವರ ಕೋಣೆಯಲ್ಲೇ ಇರುತ್ತಿತ್ತು. ಆದರೆ ಚಾರ್ಮಾಡಿ ಹತ್ತಿ ಬಂದ ಮೀನಿನವನ ಮೊಪೆಡ್ಡು ಗೇಟಿನ ಹತ್ತಿರ ಹಾರ್ನ್ ಹೊಡೆದರೆ, "ಹೋಗಿ ನೋಡೇ" ಅಂತ ನನ್ನನ್ನೇ ಕಳಿಸುತ್ತಿದ್ದರು. ನನ್ನ ರಾಜ್ಯ ಅಂತ ಇದ್ದದ್ದು ಅಷ್ಟೇ.

ಅವಳು ಬಂದು ಎರಡು ತಿಂಗಳಾಗಿರಲಿಲ್ಲ. ವಸ್ತಾರೆಯಿಂದ ನನ್ನ ಅಣ್ಣಂದಿರು ಊಟಕ್ಕೆ ಬರುವವರಿದ್ದರು. ಮೀನಿನವ ಐಸಿನ ಪೆಟ್ಟಿಗೆಯಿಂದ ಎರಡು ಮೊಳದ ಮೀನೊಂದನ್ನು ಎತ್ತಿ, "ಒಳ್ಳೇ ಅಂಜಲ್ ಅಕ್ಕ" ಅಂದ. ಮೈಮೇಲೆ ಮಾಸಲು ಪಟ್ಟೆ ಇದ್ದವು. ಅಂಜಲ್ಲೇ, ತೂಗು ಅಂದೆ. ಅಷ್ಟರಲ್ಲಿ ಇವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿಂದಿನಿಂದ ಬಂದಳು. ಮೀನಿನ ಕಿವಿರು ಎತ್ತಿ, ಆ ಬೆರಳನ್ನು ಒಳಗೆ ಹಾಕಿ, ಕಣ್ಣು ಮುಚ್ಚಿದಳು.

"ಅಕ್ಕ, ಇದು ಅಂಜಲ್ ಅಲ್ಲ. ಅಂಜಲ್ ಆದ್ರೆ ಕಿವಿರಿನ ಒಳಗೆ ಸಣ್ಣ ಸಣ್ಣ ಮುಳ್ಳು ತಾಗುತ್ತೆ. ಇದು ನುಣ್ಣಗಿದೆ. ನನ್ನ ಬೆರಳು ಕುಯ್ದದ್ದು ಇದೇ ಜಾತಿ. ಅಪ್ಪ ಓಟದ ಮೀನು ಅಂತಿದ್ರು. ಗಾಳಕ್ಕೆ ಬಿದ್ರೆ ಹಗ್ಗ ಹಿಡಿದವನ ಅಂಗೈ ಸುಲಿದು ಓಡುತ್ತೆ. ನಾಲ್ಕೈದು ವರ್ಷಕ್ಕೆ ಒಂದು ಸಿಕ್ಕಿದ್ರೆ ಹೆಚ್ಚು."

"ಪಟ್ಟೆ ಕಾಣ್ತಿಲ್ವಾ ನಿಂಗೆ?"

"ಪಟ್ಟೆ ಎರಡಕ್ಕೂ ಇದೆ, ಸತ್ತ ಮೇಲೆ ಎರಡರದ್ದೂ ಮಾಸುತ್ತೆ. ಕಣ್ಣು ನಂಬಬೇಡಿ ಅಕ್ಕ. ಮತ್ತೆ ಇದನ್ನ ಹುರೀಬೇಡಿ, ಒಣಗಿಹೋಗುತ್ತೆ. ಕಾಯಿ ಅರೆದು ಗಸಿ ಮಾಡುವ."

ಮೀನಿನವ ತಲೆ ಕೆರೆದುಕೊಂಡ. ಅವಳು ತುಳುವಿನಲ್ಲಿ ಏನೋ ಅಂದಳು, ಇಬ್ಬರೂ ನಕ್ಕರು. ನನಗೆ ತುಳು ಬಾರದು. ನನ್ನನ್ನೇ ಆಡಿಕೊಂಡರು ಅಂತ ಮೈಯೆಲ್ಲ ಉರಿದುಹೋಯಿತು. "ನಮ್ಮನೇಲಿ ಅಂಜಲ್ ಹುರಿಯೋದೇ" ಅಂದು ದಪ್ಪ ದಪ್ಪ ತುಂಡು ಮಾಡಿ ಹುರಿದೆ.

ದೊಡ್ಡಣ್ಣ ಒಂದು ತುಂಡು ಅಗಿದ, ಅಗಿದ, ಕೊನೆಗೆ ನೀರು ಕುಡಿದ. "ಏನೇ ಇದು, ಕಣದಲ್ಲಿ ಪಾರ್ಚ್‌ಮೆಂಟ್ ಕಾಫಿ ಜೊತೆ ಒಣಗಿಸಿದ್ಯಾ?" ಅಂದ. ಎಲ್ಲರೂ ನಕ್ಕರು. ಅವಳೊಬ್ಬಳು ನಗಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಅತ್ತೆ ಎಲೆ ಎತ್ತುವಾಗ ಹೇಳಿದರು: "ಇನ್ನು ಮೀನು ಅವಳೇ ನೋಡ್ಲಿ. ಅವಳು ಹೇಳಿದ ಮೇಲೆ ಮುಗೀತು."

ಮುಗಿದೇ ಹೋಯಿತು. ಅಕ್ಕಪಕ್ಕದ ಎಸ್ಟೇಟಿನವರೂ ನೆಂಟರು ಬಂದಾಗ ಅವಳಿಗೇ ಹೇಳಿಕಳಿಸತೊಡಗಿದರು. ಅವಳಿಗೆ ಜಂಬ ಇದ್ದಿದ್ದರೆ ನನಗೆ ಎಷ್ಟೋ ಸುಲಭವಿತ್ತು. ನನಗೆ ಮೀನಿನ ತಲೆ ಇಷ್ಟ ಅಂತ ಗೊತ್ತಾದ ದಿನದಿಂದ ತಲೆ ನನ್ನ ತಟ್ಟೆಗೇ ಬೀಳುತ್ತಿತ್ತು. ಮಕ್ಕಳು ಕೈ ಚಾಚಿದರೆ "ಮೊದಲು ದೊಡ್ಡಮ್ಮಂಗೆ" ಅನ್ನುತ್ತಿದ್ದಳು. ನಾನು ಆ ತಲೆ ಚೀಪುತ್ತಲೇ ಅವಳನ್ನು ಮನಸ್ಸಿನಲ್ಲಿ ಬಯ್ಯುತ್ತಿದ್ದೆ.

ಕದ್ದು ಕಲಿತೆ ಕೂಡ. ಅವಳು ಬಚ್ಚಲಿಗೆ ಹೋದಾಗ ಪಾತ್ರೆಯಲ್ಲಿದ್ದ ಮೀನಿನ ಕಿವಿರಿಗೆ ಬೆರಳು ಹಾಕಿ ಕಣ್ಣು ಮುಚ್ಚುತ್ತಿದ್ದೆ. ಮುಳ್ಳು ತಾಗುತ್ತಿತ್ತು, ಪ್ರತಿ ಸಲವೂ. ಕಾಲೇಜಿಗೆ ಹೋಗುತ್ತಿದ್ದ ನನ್ನ ಮಗಳು ಒಮ್ಮೆ ಪುಸ್ತಕದಲ್ಲಿ ಹುಡುಕಿ, ಆ ಓಟದ ಮೀನಿಗೆ ವಾಹೂ ಅಂತ ಹೆಸರು, ತಿಳಿದವರೂ ಅಂಜಲ್ ಅಂತ ಮೋಸಹೋಗುತ್ತಾರೆ ಅಂದಳು. "ಚಿಕ್ಕಮ್ಮ ಹೇಳಿದ್ದೇ ಸರಿ ಇತ್ತಮ್ಮ." ನೋಡಿ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೂ ಅವಳ ಪಕ್ಷ! ಅವಳು ಒಂದೇ ಒಂದು ಸಲ ತಪ್ಪಲಿ, ಅತ್ತೆಯ ಎದುರಿಗೇ ತಪ್ಪಲಿ ಅಂತ ದೇವರ ದೀಪ ಹಚ್ಚುವಾಗ ಕೇಳಿಕೊಂಡಿದ್ದೇನೆ.

ಆಮೇಲೆ ಅವಳಿಗೆ ಆ ಕಾಯಿಲೆ ಬಂತು. ಮಂಗಳೂರಿನ ಆಸ್ಪತ್ರೆಗೆ ಘಾಟಿ ಇಳಿದು ಹತ್ತಿ, ಇಳಿದು ಹತ್ತಿ, ಕೂದಲೆಲ್ಲ ಹೋಯಿತು. "ಔಷಧಿಗೆ ಬೆರಳೆಲ್ಲ ಮರಗಟ್ಟಿದೆ ಅಕ್ಕ, ಬಿಸಿ ಲೋಟ ಹಿಡಿದ್ರೂ ಗೊತ್ತಾಗಲ್ಲ" ಅಂದಿದ್ದಳು ಒಂದು ದಿನ. ಮೀನು ನೋಡುವುದು ಮತ್ತೆ ನನ್ನ ಪಾಲಿಗೆ ಬಂತು. ಹೀಗೆ ಬರಲಿ ಅಂತ ನಾನು ಕೇಳಿರಲಿಲ್ಲ, ಸತ್ಯವಾಗಿಯೂ ಕೇಳಿರಲಿಲ್ಲ.

ಅವಳು ಹೋಗುವುದಕ್ಕೆ ಒಂದು ತಿಂಗಳ ಮೊದಲು, ಒಂದು ಬೆಳಿಗ್ಗೆ ಮೀನಿನವ ದೊಡ್ಡ ಮೀನು ತಂದ. ಕಿವಿರಿಗೆ ಬೆರಳು ಹಾಕಿದೆ. ಮುಳ್ಳು ಚೆನ್ನಾಗಿಯೇ ತಾಗಿತು, ಅಂಜಲ್. ಅದನ್ನು ಹರಿವಾಣದಲ್ಲಿಟ್ಟುಕೊಂಡು ಅವಳ ಕೋಣೆಗೇ ಹೋದೆ. ಸುಳ್ಳು ಯಾಕೆ, ನನಗೂ ಗೊತ್ತಾಗುತ್ತೆ ಅಂತ ಅವಳಿಗೆ ತೋರಿಸಬೇಕಿತ್ತು. ಅತ್ತೆ ಮಂಚದ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದರು.

"ಯಾವ ಮೀನು ಹೇಳು ನೋಡುವ" ಅಂದೆ.

ಅವಳು ಕಣ್ಣು ಮುಚ್ಚಿ ಬೆರಳು ಹಾಕಿದಳು. ಬಹಳ ಹೊತ್ತು ಸವರಿದಳು. ಕಣ್ಣು ಬಿಟ್ಟಾಗ ಅವಳ ಮುಖದಲ್ಲಿ ಇದ್ದ ಸಂತೋಷವನ್ನು ನಾನು ತಿಂಗಳುಗಳಿಂದ ನೋಡಿರಲಿಲ್ಲ.

"ಅಕ್ಕ, ನುಣ್ಣಗಿದೆ! ಅಂಜಲ್ ಅಲ್ಲ, ಓಟದ ಮೀನು! ಎಷ್ಟು ವರ್ಷ ಆಯ್ತು ಮಾರಾಯ್ರೆ ಇದನ್ನ ನೋಡದೆ. ಈ ಸಲ ಹುರೀಬೇಡಿ ಆಯ್ತಾ, ಗಸಿ ಮಾಡಿ."

ಮರಗಟ್ಟಿದ ಬೆರಳಿಗೆ ಯಾವ ಮುಳ್ಳು ತಾಗಬೇಕು? ಅವಳು ತಪ್ಪಿದ್ದಳು, ಅತ್ತೆಯ ಎದುರಿಗೇ. ನಾನು ಹನ್ನೆರಡು ವರ್ಷ ಕಾದದ್ದು ಬಂದು ಹರಿವಾಣದಲ್ಲಿ ಮಲಗಿತ್ತು.

"ಹೌದು ಕಣೇ, ನಂಗೂ ನುಣ್ಣಗೇ ತಾಗ್ತು" ಅಂದೆ.

ಗಸಿ ಮಾಡಿದೆ. ಗಂಜಿಯನ್ನೂ ಬೇಡ ಅನ್ನುತ್ತಿದ್ದವಳು ಅರ್ಧ ತಟ್ಟೆ ಅನ್ನ ಉಂಡಳು. ತಲೆ ನಾನೇ ಬಡಿಸಿಕೊಳ್ಳಬೇಕು ಅಂತ ಹಾಸಿಗೆಯಿಂದಲೇ ಹಟ ಮಾಡಿದಳು.

ಆಮೇಲೆ ಅಡುಗೆಮನೆಯಲ್ಲಿ ಅತ್ತೆ ಊಟಕ್ಕೆ ಕೂತರು. ಒಂದು ತುಂಡು ಬಾಯಿಗಿಟ್ಟು, ನನ್ನ ಮುಖ ನೋಡಿ, ಮೆಲ್ಲಗೆ ಕೇಳಿದರು: "ಇದು ಅಂಜಲ್ಲೇ ಅಲ್ವೇನೇ?"

"ಅವಳು ಹೇಳಿದ ಮೇಲೆ ಮುಗೀತು, ಅತ್ತೆ" ಅಂದೆ.