ಹೊಳೆಗೆ ಬಿಟ್ಟ ಪ್ರೋನೋಟು

ಸಾಲ ತೀರಿದ ಖುಷಿಯಲ್ಲಿ ನಾನು ಮಾಡಿದ ಎರಡು ಕೆಲಸಗಳು ಆಮೇಲೆ ನನ್ನ ಕಾಲಿಗೇ ತೊಡರಿಕೊಂಡವು. ಒಂದು, ಕುರುಗೋಡಿನ ಬಟ್ಟೆ ಅಂಗಡಿಯ ಸಾಹುಕಾರರಿಗೆ ಬಾಯಿಗೆ ಬಂದ ಹಾಗೆ ಅಂದು ಬಂದದ್ದು. ಇನ್ನೊಂದು, ತೀರಿದ ಸಾಲದ ಪ್ರೋನೋಟನ್ನು ಹೊಳೆಗೆ ಬಿಟ್ಟದ್ದು. ಎರಡನೆಯದು ನಮ್ಮ ಅತ್ತೆಯ ತಲೆಯಿಂದ ಬಂದದ್ದು. ಮೊದಲನೆಯದು ಮಾತ್ರ ಪೂರಾ ನನ್ನದೇ.

ಕುರುಗೋಡು ನನ್ನ ತವರು. ಮದುವೆಯಾಗಿ ಬಳ್ಳಾರಿಯ ಪಾರ್ವತಿನಗರಕ್ಕೆ ಬಂದ ಮೇಲೆ ಪಡಸಾಲೆಯಲ್ಲಿ ಮಷೀನು ಇಟ್ಟುಕೊಂಡು ಕುಪ್ಪಸ, ಲಂಗ ಹೊಲಿಯತೊಡಗಿದೆ. ಬಟ್ಟೆಯೆಲ್ಲ ತವರೂರಿನ ಅಂಗಡಿಯಿಂದ ಉದ್ರಿ. ಆ ಸಾಹುಕಾರರು ನಮ್ಮ ಅಪ್ಪನ ಗೆಳೆಯರು, ನಾನು ಚಿಕ್ಕಂದಿನಿಂದ ಅವರನ್ನು ಕಾಕಾ ಎಂದೇ ಕರೆದವಳು. ನಾನು ಉದ್ರಿ ತರುತ್ತಿದ್ದೆ, ಓಣಿಯ ಹೆಂಗಸರಿಗೆ ಉದ್ರಿಯಲ್ಲೇ ಹೊಲಿದು ಕೊಡುತ್ತಿದ್ದೆ. “ಬರೋ ತಿಂಗಳು ಕೊಡ್ತೀನಕ್ಕಾ” ಎಂದವರನ್ನು ಮತ್ತೆ ಕೇಳಲು ನನಗೆ ನಾಚಿಕೆ. ಬೈಯೆಂದರೆ ಬೈದೇನು, ಕೊಡು ಎಂದು ಕೇಳಲು ಮಾತ್ರ ಈಗಲೂ ಬಾಯಿ ಬರುವುದಿಲ್ಲ. ಹೀಗೆ ಬಾಕಿ ಬೆಳೆಯಿತು. ಒಂದು ದಿನ ಕಾಕಾ ನಾಲ್ಕು ಗಿರಾಕಿಗಳ ಮುಂದೆ ನನ್ನಿಂದ ಪ್ರೋನೋಟು ಬರೆಸಿಕೊಂಡರು. ಮೈಯೆಲ್ಲ ಉರಿದು ಹೋಯಿತು.

ಮೂರು ವರ್ಷ ಹಬ್ಬಕ್ಕೊಂದು ಸೀರೆ ಕೊಳ್ಳದೆ ತೀರಿಸಿದೆ. ಕೊನೆಯ ಕಂತನ್ನು ಅವರ ಮುಂದಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ.

“ತಗೊಳ್ರಿ ಸಾವುಕಾರ್ರೇ, ಎಣಿಸಿಕೊಳ್ರಿ. ನಮ್ಮಪ್ಪನ ಮಾರಿ ನೋಡಿ ಉದ್ರಿ ಕೊಟ್ರಿ, ನನ್ನ ಮಾರಿ ನೋಡಿ ನೋಟು ಬರಿಸಿಕೊಂಡ್ರಿ. ಇನ್ನ ಸತ್ತರೂ ನಿಮ್ಮ ಅಂಗಡಿ ಮೆಟ್ಟಲಾ ಹತ್ತಂಗಿಲ್ಲ!”

ಅವರು ಹಣ ಎಣಿಸಿಕೊಂಡರು. ನೋಟಿನ ಹಿಂದೆ ‘ಪೂರಾ ಸಂದಾಯ’ ಎಂದು ಬರೆದು, ಸಹಿ ಹಾಕಿ ಕೊಟ್ಟರು.

ಅದೇ ವಾರ ಸಿರುಗುಪ್ಪದಲ್ಲಿದ್ದ ಅತ್ತೆಗೆ ಆ ಕಾಗದ ತೋರಿಸಿ ಮೆರೆಯಲು ಹೋದೆ. ಅತ್ತೆ ಹಾವು ಕಂಡವರ ಹಾಗೆ ಹಿಂದೆ ಸರಿದರು. “ತೀರಿದ ಸಾಲದ ಕಾಗದ ಮನಿಯಾಗ ಇಟ್ಕಬಾರದವ್ವ! ಸಾಲ ಮತ್ತ ಅದರ ಹಿಂದ ಹುಡಿಕ್ಯಂತ ಬರತೈತಿ. ನಮ್ಮ ಮನಿತನದಾಗ ಹೊಳಿಗೆ ಬಿಡೋದು ಪದ್ಧತಿ.” ಮರುದಿನ ಬೆಳಿಗ್ಗೆ ಹೊಳೆದಂಡೆಯ ಕೆಂಚನಗುಡ್ಡಕ್ಕೆ ಹೋದೆವು. ನೋಟಿಗೆ ಅರಿಸಿನ ಕುಂಕುಮ ಹಚ್ಚಿ, ವೀಳ್ಯದೆಲೆಯ ಮೇಲಿಟ್ಟು ತುಂಗಭದ್ರೆಗೆ ಬಿಟ್ಟೆವು. ಅದು ಒಂದು ಸುತ್ತು ಹಾಕಿ ಸೀದಾ ನಮ್ಮ ಕಾಲಿನ ಹತ್ತಿರವೇ ವಾಪಸು ಬಂತು. ಅತ್ತೆ ಎರಡೂ ಕೈಯಿಂದ ನೀರು ಎರಚಿ, “ನಡೀಲೇ ಅತ್ಲಾಗ! ಬರಬ್ಯಾಡ!” ಎಂದು ಬೈದು ಬೈದು ಅಟ್ಟಿದರು. ಬೈಯುವುದರಲ್ಲಿ ನನಗೆ ತಕ್ಕ ಅತ್ತೆ.

ಆಮೇಲೆ ಒಂದು ವರ್ಷಕ್ಕೆ ಕಂಟೋನ್ಮೆಂಟಿನ ಸಾಲೆಯೊಂದು ಮಕ್ಕಳ ಯೂನಿಫಾರಂ ಹೊಲಿಯುವ ಕೆಲಸ ಕೊಡಲು ಒಪ್ಪಿತು. ಅಲ್ಲಿ ಉದ್ರಿ ಇಲ್ಲ, ಕೈಗೆ ನಗದು. ಆದರೆ ಅಂಚು ಬಿಚ್ಚದ ಹಾಗೆ ಹೊಲಿಯಲು ಓವರ್‌ಲಾಕ್ ಮಷೀನು ಬೇಕು. ಹದಿನೈದು ದಿನದಲ್ಲಿ ಮಷೀನು ತಂದರೆ ಕೆಲಸ ನನ್ನದು, ಇಲ್ಲವಾದರೆ ಬೇರೆ ಟೈಲರಿನದು. ಬ್ಯಾಂಕುಗಳು ಸರಕಾರದ ಕೈಗೆ ಬಂದು, ನಮ್ಮಂಥವರಿಗೂ ಕುರ್ಚಿ ಹಾಕಿ ಮಾತಾಡಿಸುತ್ತಿದ್ದ ಕಾಲ. ಮಷೀನಿಗೆ ಸಾಲ ಕೇಳಲು ಸೆರಗು ಸರಿಮಾಡಿಕೊಂಡು ಬ್ಯಾಂಕಿಗೆ ಹೋದೆ.

ಕರಾವಳಿ ಕಡೆಯ ಅಧಿಕಾರಿ, ಬಹಳ ಮೆತ್ತಗೆ ಮಾತಾಡುವವರು. “ಹಿಂದೆ ಏನಾದರೂ ಸಾಲ ಇತ್ತಾ?” ಎಂದು ಕೇಳಿದರು.

“ಇತ್ರಿ! ಬಡ್ಡಿ ಸಮೇತ ತೀರಿಸೀನಿ!” ಎಂದೆ, ಬಹುಮಾನ ಕೊಡುತ್ತಾರೇನೋ ಎನ್ನುವ ಹಾಗೆ.

“ತೀರಿದ್ದಕ್ಕೆ ಕಾಗದ?”

“ಹೊಳಿಗೆ ಬಿಟ್ಟೀವ್ರಿ.”

ಅವರ ಪೆನ್ನು ನಿಂತಿತು. “ಎಲ್ಲಿಗೆ?”

“ತುಂಗಭದ್ರಾಕ್ಕ್ರಿ. ಅರಿಸಿನ ಕುಂಕುಮ ಹಚ್ಚಿ.”

ಪಾಪ, ನಗಲಿಲ್ಲ. ಸಾಲ ಕೊಟ್ಟವರಿಂದಲೇ ತೀರಿದೆ ಎಂದು ಬರೆಸಿ ತರಬೇಕು, ಜೊತೆಗೆ ಈ ಅರ್ಜಿಯ ಮೇಲೆ ಒಬ್ಬರು ಜಾಮೀನು ಹಾಕಬೇಕು, ಮನೆಯವರು ಆಗುವುದಿಲ್ಲ ಎಂದರು. ಮನೆಗೆ ಬಂದು ಗೋಳಾಡಿದೆ. ನನ್ನ ಗಂಡ ಊಟದ ತಟ್ಟೆಯಿಂದ ತಲೆ ಎತ್ತದೆ, “ನೋಟಿನ ಬದಲಿ ನಿನ್ನ ಸಿಟ್ಟು ಹೊಳಿಗೆ ಬಿಟ್ಟು ಬಂದಿದ್ರ ಚೊಲೋ ಆಗ್ತಿತ್ತು” ಎಂದರು. ಆವತ್ತು ಅವರಿಗೆ ಎರಡನೇ ಸಲ ಸಾರು ಬಡಿಸಲಿಲ್ಲ.

ಜಾಮೀನಿಗೆ ಓಣಿಯಲ್ಲಿ ನಾಲ್ಕು ಮನೆ ತಿರುಗಿದೆ. ನಾನು ಹೊಲಿದ ಕುಪ್ಪಸವನ್ನೇ ತೊಟ್ಟು ನಿಂತವರು, “ಅಯ್ಯೋ ಅಕ್ಕಾ, ನಮ್ಮೋರು ಬೈತಾರ” ಎಂದು ಒಳಗೆ ಹೋದರು. ಹದಿನೈದು ದಿನದಲ್ಲಿ ಹನ್ನೆರಡು ಕಳೆದವು. ಗತಿ ಇಲ್ಲದೆ ಕುರುಗೋಡಿನ ಬಸ್ಸು ಹತ್ತಿದೆ. ಕಾಗದವೊಂದಾದರೂ ಸಿಗಲಿ ಎಂದು.

ಅಂಗಡಿಯ ಮುಂದೆ, ಬೀದಿಯಲ್ಲಿ, ಸುಡು ಬಿಸಿಲಿನಲ್ಲಿ ನಿಂತೆ. ಮೇಲೆ ಮೂರೇ ಮೆಟ್ಟಿಲು. ಕಾಕಾ ಕನ್ನಡಕದ ಮೇಲಿಂದ ನೋಡಿದರು.

“ಒಳಗ ಬಾರವ್ವ.”

“ಇಲ್ಲೇ ಅದೀನ್ರಿ.”

“ಹೌದು ಮತ್ತ. ಸತ್ತರೂ ಹತ್ತಂಗಿಲ್ಲ ಅಂದೀದಿ, ನೆನಪೈತಿ.” ತಾವೇ ಒಂದು ಸ್ಟೂಲು ಹಿಡಿದು ಮೆಟ್ಟಿಲು ಇಳಿದು ಬಂದು ನೆರಳಿನಲ್ಲಿ ಹಾಕಿದರು. ಕೂತೆ. ನೆಲ ನೋಡಿಕೊಂಡು ಎಲ್ಲ ಹೇಳಿದೆ. ಹೊಳೆಯ ಮಾತಿಗೆ ಹೊಟ್ಟೆ ಹಿಡಿದು ನಕ್ಕರು. ಆಮೇಲೆ, “ಜಾಮೀನು ಯಾರು?” ಎಂದರು.

“ಯಾರೂ ಸಿಗಲಿಲ್ರಿ.”

“ತಾ ಇಲ್ಲಿ ಆ ಅರ್ಜಿ.”

“ಅದನ್ನ ಕೇಳಾಕ ಬಂದಿಲ್ರಿ ನಾನು!”

“ನೀ ಕೇಳಾಕಿ ಅಲ್ಲ, ಬೈಯಾಕಿ. ಗೊತ್ತೈತಿ, ತಾ.”

ಅರ್ಜಿ ತೆಗೆದುಕೊಂಡು ಮೇಲೆ ಹೋಗಿ ಗಾದಿಯ ಮೇಲೆ ಕೂತು ಬರೆದರು. ಮಡಚಿ ತಂದು ಕೊಟ್ಟು, “ಬಸ್ಸಿನ ಹೊತ್ತಾತು, ಹೋಗು” ಎಂದರು. ಅರ್ಜಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಬಂದೆ.

ಬಸ್ಸು ಹೊರಟ ಮೇಲೆ ಅರ್ಜಿ ಬಿಚ್ಚಿದೆ. ಸಾಲ ತೀರಿದ ಚೀಟಿ ಒಳಗಿತ್ತು. ಜಾಮೀನಿನ ಕಡೆ ಅವರ ಸಹಿ ಇತ್ತು. ‘ಅರ್ಜಿದಾರರನ್ನು ಹೇಗೆ ಬಲ್ಲಿರಿ’ ಎಂಬಲ್ಲಿ ಗೆಳೆಯನ ಮಗಳು ಎಂದು ಬರೆದಿರುತ್ತಾರೆ ಎಂದುಕೊಂಡಿದ್ದೆ. ಅಲ್ಲಿ ಹೀಗಿತ್ತು: ‘ನನ್ನನ್ನು ಬೈದು, ಕೊನೆಯ ಪೈಸೆಯವರೆಗೂ ತೀರಿಸಿದವಳು. ನನ್ನನ್ನು ಹೊಗಳುವವರೆಲ್ಲ ಇನ್ನೂ ಬಾಕಿ ಉಳಿಸಿಕೊಂಡಿದ್ದಾರೆ.’

ನಮ್ಮಪ್ಪನ ಹೆಸರು ಎಲ್ಲೂ ಇರಲಿಲ್ಲ. ನನ್ನ ಮಾರಿ ನೋಡಿಯೇ ಬರೆದಿದ್ದರು. ಪಕ್ಕದಲ್ಲಿ ಕೂತಿದ್ದ ಮುದುಕಿ ಯಾರಾದರೂ ತೀರಿಕೊಂಡರೇನೋ ಎಂದು ಬೆನ್ನು ಸವರುವಷ್ಟು ಅತ್ತುಬಿಟ್ಟೆ.

ಬ್ಯಾಂಕಿನ ಅಧಿಕಾರಿ ಅದನ್ನು ಓದಿ ಕೊನೆಗೂ ನಕ್ಕದ್ದು, ಹೇಳಿದ ದಿನಕ್ಕೆ ಮಷೀನು ಪಡಸಾಲೆಗೆ ಬಂದದ್ದು ಆಮೇಲಿನ ಮಾತು. ಆವತ್ತು ಬಸ್ಸು ಇನ್ನೂ ಊರು ದಾಟಿರಲಿಲ್ಲ. ನಿಲ್ಲಿಸ್ರಿ ಎಂದು ಕೂಗಿ ಇಳಿದೆ, ಕಂಡಕ್ಟರನ ಬೈಗುಳ ತಿಂದೆ, ಬಂದ ದಾರಿಯಲ್ಲೇ ಓಡಿದೆ. ಗಿರಾಕಿಗಳು ನೋಡುತ್ತಿದ್ದಂತೆಯೇ ಮೂರೂ ಮೆಟ್ಟಿಲು ಹತ್ತಿ ನಿಂತು, “ಕಾಕಾ” ಎಂದೆ.

ಅವರು ಅಳತೆಯ ಕೋಲು ಕೆಳಗಿಟ್ಟು, “ಬದುಕಿದ್ದಾಗಲೇ ಹತ್ತಿದೆಲ್ಲ, ಸಾಕು ಬಿಡವ್ವ” ಎಂದರು.