ಕಾರಿನಡಿಗೆ ಹಾಸಿದ ಪಂಚೆ

ಸಂತೆಮರಹಳ್ಳಿಯ ಸಂತೆಯಲ್ಲಿ ಚೆಂಡುಹೂವು ಅಗ್ಗವಾಗಿ ಸಿಕ್ಕಿತೆಂದು ಒಂದು ಚೀಲ ತುಂಬ ಕೊಂಡು ಕಾರಿನ ಹಿಂದಿನ ಸೀಟಿಗೆ ಹಾಕಿಸಿದೆ. ಅಷ್ಟು ಹೂವಿಗೆ ಸಾಲುವಷ್ಟು ದೇವರ ಪಟಗಳು ನಮ್ಮ ಮನೆಯಲ್ಲಿಲ್ಲ. ಆದರೆ ಅಗ್ಗ ಎಂಬ ಮಾತಿಗೆ ಸೋಲುವುದು ನನ್ನ ಹುಟ್ಟುಗುಣ. ಚಾಮರಾಜನಗರದ ದಾರಿ ಹಿಡಿದು ಊರು ದಾಟುವಷ್ಟರಲ್ಲಿ ಬಾನೆಟ್ಟಿನ ಕಡೆಯಿಂದ ಸುಟ್ಟ ಆಯಿಲಿನ ವಾಸನೆ ಬಂತು. ಹಿಂದಿನಿಂದ ಚೆಂಡುಹೂವಿನ ಘಾಟು, ಮುಂದಿನಿಂದ ಸುಟ್ಟ ಆಯಿಲು. ಬೇರೆಯವರಾಗಿದ್ದರೆ ಗಾಬರಿಯಾಗುತ್ತಿದ್ದರು. ನಾನು ಗಾಡಿ ಪಕ್ಕಕ್ಕೆ ನಿಲ್ಲಿಸಿ ನನ್ನಷ್ಟಕ್ಕೇ ನಗತೊಡಗಿದೆ. ಪಕ್ಕದಲ್ಲಿದ್ದ ನಮ್ಮ ಯಜಮಾನರು ಇವಳಿಗೇನಾಯಿತಪ್ಪ ಎಂದು ನೋಡಿದರು. ಏನಾಗಿತ್ತೆಂದರೆ, ಆ ಎರಡು ವಾಸನೆ ಕೂಡಿದ್ದೇ ತಡ, ನನ್ನ ಮಾದೇವತ್ತೆ ಬಂದು ಹಿಂದಿನ ಸೀಟಿನಲ್ಲಿ ಕುಳಿತ ಹಾಗಾಗಿತ್ತು.

ಮಾದೇವತ್ತೆಯ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ನನ್ನ ಕಾರಿನ ಸಂಗತಿ ಮುಗಿಸಿಬಿಡುತ್ತೇನೆ. ಅದು ಯಾವ ಕಂಪನಿಯದೆಂದು ಹೇಳುವುದಿಲ್ಲ. ಹೇಳಿದರೆ ನೀವೂ ಯಜಮಾನರ ಪಕ್ಷ ಸೇರುತ್ತೀರಿ. ಹಳೆಯದು, ನಿಜ. ನಮ್ಮೂರಿಗೆ ತಲುಪಿ ಮೆಕ್ಯಾನಿಕ್ಕಿಗೆ ತೋರಿಸಿದಾಗ ಅವನು ಬಾನೆಟ್ಟು ಎತ್ತಿ, ಎಂಜಿನ್ನಿನ ನೆತ್ತಿಯ ಮೇಲಿನ ಮುಚ್ಚಳದ ಸುತ್ತ ಬೆರಳಾಡಿಸಿ, ಕಪ್ಪಾದ ಬೆರಳನ್ನು ನನ್ನ ಮುಂದೆ ಹಿಡಿದ. "ಟ್ಯಾಪೆಟ್ ಕವರ್ ಪ್ಯಾಕಿಂಗ್ ಓಗ್ಬುಟ್ಟದೆ ಮೇಡಮ್ಮೋರೆ. ಆಯಿಲು ಸೋರಿ ಸೈಲೆನ್ಸರ್ ಪೈಪಿನ್ ಮ್ಯಾಲೆ ಬಿದ್ದು ಸುಡ್ತಾದೆ. ಇದ್ನ ಆಕುದ್ರೆ ನಾಳೆ ಇನ್ನೊಂದ್ ಕಡೆ ಸೋರ್ತದೆ. ಸುಮ್ನೆ ಮಾರ್ಬುಡಿ."

ಯಜಮಾನರು ಈ ಮಾತಿಗೇ ಕಾದಿದ್ದರು. "ನಾನೂ ಅದನ್ನೇ ಹೇಳ್ತಿರೋದು. ಕಾರಿಗೂ ವಯಸ್ಸಾಯ್ತು, ನಿನಗೂ ಆಯ್ತು. ಹೇಗೂ ಹೆಂಗಸರಿಗೆ ಬಸ್ಸು ಫ್ರೀ."

ನನಗೆ ರೇಗಿತು. "ಬಸ್ಸಾದರೆ ಅದು ಹೊರಟಾಗ ನಾನು ಹೊರಡಬೇಕು. ಕಾರು ನಾನು ಹೊರಟಾಗ ಹೊರಡುತ್ತೆ," ಎಂದೆ. ಮುಚ್ಚಳದ ಅಂಚಿಗೆ ಕೂರಿಸುವ ಆ ಪ್ಯಾಕಿಂಗ್ ಪಟ್ಟಿಯನ್ನು ನಾನೇ ಹಾಕುತ್ತೇನೆ ಎಂದೂ ಅಂದುಬಿಟ್ಟೆ. ನಾಲಿಗೆ ಮುಂದೆ ಓಡುವುದು, ಕೈ ಹಿಂದೆ ಬಂದು ಸೇರುವುದು ನಮ್ಮ ಮನೆತನದ ರೂಢಿ. ಇದನ್ನು ನಾನು ಪಡೆದದ್ದು ಮಾದೇವತ್ತೆಯಿಂದ.

ಮಾದೇವತ್ತೆ ನನ್ನ ಅಪ್ಪನ ತಂಗಿ. ಮದುವೆಯಾಗಿ ಹೋದ ಮನೆಯಲ್ಲಿ ಗಂಡ ಇನ್ನೊಬ್ಬಳನ್ನು ತಂದಾಗ, ಪಂಚಾಯಿತಿ ಸೇರಿದವರು ನಿನಗೇನು ಬೇಕು ಕೇಳಮ್ಮ ಎಂದರಂತೆ. ಎಲ್ಲರೂ ಒಡವೆ ಕೇಳುತ್ತಾಳೆ, ಜಮೀನು ಕೇಳುತ್ತಾಳೆ ಎಂದುಕೊಂಡಿದ್ದರು. ಅವಳು ಕೊಟ್ಟಿಗೆಯ ಪಕ್ಕ ನಿಂತಿದ್ದ ಕಾರು ತೋರಿಸಿದಳು. ಸೋರುವ ಕಾರು, ಹೋದರೆ ಹೋಗಲಿ ಎಂದು ಅವರೂ ಸಂತೋಷವಾಗಿಯೇ ಕೊಟ್ಟರು. ಅವಳಿಗೆ ಆಗ ಓಡಿಸಲೂ ಬರುತ್ತಿರಲಿಲ್ಲ. ಯಾರಿಂದಲೋ ಓಡಿಸಿಕೊಂಡು ಗುಂಡ್ಲುಪೇಟೆಯ ನಮ್ಮ ಮನೆಯ ಮುಂದೆ ಬಂದಿಳಿದಳು. ಅಳುತ್ತಾ ಬರುವ ತಂಗಿಯನ್ನು ಸಮಾಧಾನ ಮಾಡಲು ತಯಾರಾಗಿದ್ದ ಅಪ್ಪನಿಗೆ, ಹಾರ್ನ್ ಹೊಡೆಯುತ್ತಾ ಬಂದ ತಂಗಿಯನ್ನು ಏನು ಮಾಡಬೇಕೋ ತೋಚಲಿಲ್ಲ.

ಓಡಿಸುವುದನ್ನು ಕಲಿತವಳೇ ಆ ಕಾರಿನಲ್ಲಿ ಅವಳು ಚೆಂಡುಹೂವಿನ ವ್ಯಾಪಾರ ಶುರುಮಾಡಿದಳು. ಸುತ್ತಲ ಹೊಲಗಳಲ್ಲಿ ಹೂವು ಕೊಂಡು, ಸೀಟಿನ ಮೇಲೂ ಸೀಟಿನ ಕೆಳಗೂ ತುಂಬಿ, ಮದ್ದೂರು ದಾಟಿ ಕೇರಳಕ್ಕೆ ಹೋಗುತ್ತಿದ್ದಳು. ಮದ್ದೂರು ಎಂದೊಡನೆ ನಿಮಗೆ ವಡೆ ನೆನಪಾಗಿರಬೇಕು. ಇದು ಅದಲ್ಲ, ಆನೆ ಅಡ್ಡ ಬರುವ ನಮ್ಮ ಕಾಡಿನ ಮದ್ದೂರು. ಓಣಂ ಹತ್ತಿರವಾದರೆ ಆ ಕಡೆಯ ವ್ಯಾಪಾರಿಗಳು ಮನೆಗೇ ಬರುತ್ತಿದ್ದರು. ಅತ್ತೆ ಅವರನ್ನು ಮಲಯಾಳದಲ್ಲಿ ಚೇಟಾ, ಅಂದರೆ ಅಣ್ಣಾ, ಎಂದು ಕರೆದು, ಉಳಿದದ್ದನ್ನೆಲ್ಲ ಕನ್ನಡದಲ್ಲೇ ಬೈದು ವ್ಯಾಪಾರ ಮುಗಿಸುತ್ತಿದ್ದಳು. ಅವಳ ಸೆರಗು, ಕಾರು, ಅವಳು ಎಣಿಸುವ ನೋಟು ಎಲ್ಲಕ್ಕೂ ಒಂದೇ ವಾಸನೆ: ಚೆಂಡುಹೂವು ಮತ್ತು ಆಯಿಲು.

ಅಪ್ಪನಿಗೆ ಅದು ಹಿಡಿಸಲಿಲ್ಲ. ಆಗಷ್ಟೇ ಮನೆ ಮುಂದೆ ಕಲ್ಲು ಹಾಸಿಸಿದ್ದರು. ಕಾರು ಎಲ್ಲಿ ನಿಂತರೂ ಅಲ್ಲೊಂದು ಕರಿ ಮಚ್ಚೆ ಬೀಳುತ್ತಿತ್ತು. ಅವ್ವ ಬೆಳಿಗ್ಗೆ ರಂಗೋಲಿ ಬಿಡಲು ಹೋದರೆ ಮೊದಲೇ ಯಾರೋ ಚುಕ್ಕಿ ಇಟ್ಟುಹೋದ ಹಾಗೆ ಕಾಣುತ್ತಿತ್ತು. ಒಂದು ದಿನ ಅಪ್ಪ ಜಗುಲಿಯ ಮೇಲಿಂದಲೇ ಕೂಗಿದರು.

"ಮಾದೇವೀ, ಇದೇನು ಮನೆಯಾ, ಗಾಣವಾ? ಇನ್ನೊಂದ್ ಹನಿ ಕಲ್ಲಿನ್ ಮ್ಯಾಲೆ ಬಿತ್ತೋ, ಗುಜರಿಗೆ ಆಕುಸ್ಬುಡ್ತೀನಿ ನೋಡ್ಕ. ಓಡಾಡಿದ್ದು ಸಾಕು, ಮನೇಲಿ ಬಿದ್ದಿರು."

ಅತ್ತೆ ಕಾರಿನಿಂದ ಇಳಿದವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅಣ್ಣಯ್ಯ, ಎಣ್ಣೆ ಬಿದ್ದುದ್ ನೋಡಿ ಅಲ್ಲ ನಿಂಗೆ ಒಟ್ಟೆ ಉರಿಯದು. ನಾನು ಗಡಿ ದಾಟಿ ಓಗಿ ಬತ್ತೀನಲ್ಲ, ಊರೋರು ಅದ್ನ ನಿನ್ ಮುಂದೆ ಆಡ್ತಾರಲ್ಲ, ಅದುಕ್ಕೆ. ಸರಿ, ಬುಡು. ಭಾನುವಾರ ನಾನೇ ಪ್ಯಾಕಿಂಗ್ ಆಕ್ತೀನಿ. ಮದ್ದೂರ್ಗಂಟ ಓಗ್ಬಂದು ಇಲ್ಲೇ ನಿಲ್ಲುಸ್ತೀನಿ. ದೀಪ ಅಚ್ಚೋ ಒತ್ಗೆ ಒಂದ್ ಹನಿ ಬಿದ್ದಿದ್ರೆ ಕೀ ನಿನ್ ಕೈಗೆ ಮಡಗ್ತೀನಿ, ಒಲೆ ಮುಂದೆ ಕುಂತ್ಕತೀನಿ. ಬೀಳ್ಲಿಲ್ಲ ಅಂದ್ರೆ, ಎಲ್ಲಿಗೋಗಿದ್ದೆ, ಯಾವಾಗ್ ಬಂದೆ ಅಂತ ಈ ಮನೇಲಿ ಯಾರೂ ಕೇಳಂಗಿಲ್ಲ."

"ಆಯ್ತು," ಎಂದರು ಅಪ್ಪ. ಆಯ್ತು ಎನ್ನುವುದು ಅವರಿಗೆ ಸುಲಭವಾಗಿತ್ತು. ಆ ಕಾರು ಸೋರದೆ ನಿಂತದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ.

ಹೈಸ್ಕೂಲಿನಲ್ಲಿದ್ದ ನನಗೆ ಆ ಭಾನುವಾರ ಹಬ್ಬಕ್ಕಿಂತ ಹೆಚ್ಚಾಗಿತ್ತು. ಅತ್ತೆ ಮುಚ್ಚಳ ಬಿಚ್ಚಿ ಹೊರಗಿಟ್ಟಳು. ಅದರ ಅಂಚಿಗೆ ಅಂಟಿದ್ದ ಹಳೆಯ ಕಾರ್ಕಿನ ಪ್ಯಾಕಿಂಗು ಸುಟ್ಟು ಗಟ್ಟಿಯಾಗಿ, ಪಾತ್ರೆಯ ತಳ ಹಿಡಿದ ಸೀಕಲಿನ ಹಾಗಿತ್ತು. ಎಂಜಿನ್ನಿನ ಬಾಯೊಳಗೆ ಚೂರು ಬೀಳದಂತೆ ಬಟ್ಟೆ ತುರುಕಿ, ಬ್ಲೇಡಿನಿಂದ ಕೆರೆದಳು, ಸೀಮೆಎಣ್ಣೆಯಲ್ಲಿ ಒರೆಸಿದಳು, ಹೊಸ ಪ್ಯಾಕಿಂಗು ಕೂರಿಸಿದಳು. ಆಮೇಲೆ ನಮ್ಮ ಮನೆತನದವರೆಲ್ಲ ಮಾಡುವ ಕೆಲಸ ಮಾಡಿದಳು. ಸ್ಪ್ಯಾನರ್ ಹಿಡಿದು ಬಿಗಿ ಮಾಡಿದಳು. ಇನ್ನೊಂದು ಸುತ್ತು ಬಿಗಿದಳು. ಉಸಿರು ಬಿಗಿಹಿಡಿದು ಮತ್ತೂ ಸ್ವಲ್ಪ ತಿರುಗಿಸಿದಳು. ಮೂಟೆಯ ಬಾಯಾಗಲಿ, ಉಪ್ಪಿನಕಾಯಿ ಜಾಡಿಯಾಗಲಿ, ಸೋರುವುದನ್ನು ಬಿಗಿದು ಕಟ್ಟಿದರೆ ನಿಲ್ಲುತ್ತದೆ ಎಂದು ನಂಬಿದ ಜನ ನಾವು.

ಮದ್ದೂರಿಗೆ ಹೋಗಿಬಂದು ಕಾರು ನಿಲ್ಲಿಸಿದವಳೇ ನೇರ ಹಿತ್ತಲಿಗೆ ಹೋದಳು. ತಂತಿಯ ಮೇಲೆ ಅಪ್ಪನ ಪಂಚೆ ಒಣಗುತ್ತಿತ್ತು. ನೀಲಿ ಹಾಕಿ, ಗಂಜಿ ಕೊಟ್ಟು, ಮಾರನೆಯ ವಾರದ ಮದುವೆಗೆಂದು ಅವ್ವ ಒಗೆದ ಪಂಚೆ. ಅದನ್ನು ಎಳೆದುಕೊಂಡು ಬಂದು ಎಂಜಿನ್ನಿನ ಕೆಳಗೆ ಅಗಲವಾಗಿ ಹಾಸಿದಳು.

"ಅಯ್ಯೋ, ಅದು ಮದ್ವೆಗ್ ಉಟ್ಕಂಡೋಗದು!" ಎಂದು ಅವ್ವ ಓಡಿಬಂದಳು.

"ಬಣ್ಣದ್ ಬಟ್ಟೆ ಆಸುದ್ರೆ ನಿನ್ ಗಂಡ ನಂಬ್ತಾನಾ? ಬಿಳೀದೇ ಆಗ್ಬೇಕು," ಎಂದಳು ಅತ್ತೆ.

ಆ ಸಂಜೆಯನ್ನು ನೀವು ನೋಡಬೇಕಿತ್ತು. ಮನೆಮಂದಿಯೆಲ್ಲ ಜಗುಲಿಯ ಮೇಲೆ ಸಾಲಾಗಿ ಕುಳಿತಿದ್ದೆವು. ಅಕ್ಕಪಕ್ಕದವರೂ ಒಬ್ಬೊಬ್ಬರಾಗಿ ಬಂದು ಸೇರಿದರು. ಅವ್ವ ಕಾಫಿ ಕೊಟ್ಟಳು, ಪುರಿ ಹುರಿದು ಕೊಟ್ಟಳು. ಅಪ್ಪ ಪೇಪರು ಹಿಡಿದು ಕುಳಿತಿದ್ದರು, ಹಾಳೆ ಮಾತ್ರ ತಿರುಗಿಸಲಿಲ್ಲ. ಕಾದ ಎಂಜಿನ್ನು ಆರುತ್ತಾ ಟಿಕ್ ಟಿಕ್ ಎನ್ನುತ್ತಿತ್ತು. ಒಂದೊಂದು ಸದ್ದಿಗೂ ಎಲ್ಲರ ಕತ್ತೂ ಬಗ್ಗುತ್ತಿತ್ತು. ನಾನು ಊರ ದೇವರಿಗೆಲ್ಲ ಹರಕೆ ಹೊತ್ತೆ. ಈ ಕಾರು ಹೋದರೆ ಅತ್ತೆ ಒಲೆಯ ಮುಂದೆ ಕುಳಿತುಬಿಡುತ್ತಾಳೆ, ಆಮೇಲೆ ನಮ್ಮ ಮನೆಯಲ್ಲಿ ಜೋರಾಗಿ ನಗುವ ಹೆಂಗಸು ಒಬ್ಬಳೂ ಉಳಿಯುವುದಿಲ್ಲ ಎಂಬ ಭಯ ನನಗೆ.

ದೀಪ ಹಚ್ಚುವ ಹೊತ್ತಾಯಿತು. ಅಪ್ಪ ಏಳುವ ಮೊದಲೇ ಅತ್ತೆ ಎದ್ದು ಕಾರಿನ ಕೆಳಗೆ ತಲೆ ಹಾಕಿದಳು. ಕೈಯಾಡಿಸಿ ಎಲ್ಲ ಕಡೆ ಮುಟ್ಟಿ ನೋಡಿದಳು. ಪಂಚೆ ಸಮೇತ ಹೊರಗೆ ಬಂದಾಗ ಅವಳ ಎರಡು ಕೈಯೂ ಮಸಿ. "ಒಂದ್ ಹನೀನೂ ಇಲ್ಲ ಕಣಣ್ಣಯ್ಯ!" ಎಂದು ಕೂಗಿದವಳೇ, ಆ ಮಸಿ ಕೈಗಳನ್ನು ಅದೇ ಪಂಚೆಗೆ ಚೆನ್ನಾಗಿ, ಬೆರಳು ಬೆರಳೂ ಬಿಡದೆ ಒರೆಸಿಕೊಂಡಳು.

ಅಪ್ಪ ಸಿಟ್ಟಿನಿಂದ ಕುಣಿದಾಡಿಬಿಟ್ಟರು. ಅವ್ವ ಪಂಚೆಯನ್ನು ಕಿತ್ತುಕೊಂಡು ಬಚ್ಚಲಿಗೆ ಓಡಿದಳು. ಕೊಬ್ಬು ನೋಡು ಇವಳಿಗೆ ಎಂದರು ಕೆಲವರು, ಗೆದ್ದಮೇಲೆ ಅಷ್ಟೂ ಬೇಡವೇ ಎಂದರು ಕೆಲವರು. ಮಾತೆಲ್ಲ ಪಂಚೆಯ ಮೇಲೆ ಹೋಯಿತು. ನಾನಂತೂ ಜಗುಲಿಯಿಂದ ಹಾರಿ ಕುಣಿದೆ. ಆ ಪಂಚೆಯ ಕಲೆ ಯಾವ ಸೋಪಿಗೂ ಹೋಗಲಿಲ್ಲ. ಅಪ್ಪ ಅದನ್ನು ಮನೆಯಲ್ಲಿ ಮಾತ್ರ ಉಡುತ್ತಿದ್ದರು, ಆದರೆ ಉಡುವುದನ್ನು ಬಿಡಲಿಲ್ಲ. ಕಾರಿನ ಮಾತನ್ನು ಮತ್ತೆಂದೂ ಎತ್ತಲೂ ಇಲ್ಲ.

ಮಾರನೆಯ ಬೆಳಿಗ್ಗೆ ನಾನು ಎದ್ದು ಬಂದರೆ ಅತ್ತೆ ಮತ್ತೆ ಅದೇ ಮುಚ್ಚಳ ಬಿಚ್ಚಿದ್ದಾಳೆ! ಅದನ್ನು ಅಡುಗೆಮನೆಗೆ ತಂದು, ಚಾಮರಾಜನಗರದ ಕರಿಕಲ್ಲಿನ ಹೊಸ ಕಟ್ಟೆಯ ಮೇಲೆ, ಅವ್ವ ಕೂಗಿಕೊಳ್ಳುತ್ತಿದ್ದರೂ ಕೇಳದೆ, ಬೋರಲು ಹಾಕಿದಳು. ಕನ್ನಡಿಯ ಹಾಗೆ ಪಾಲಿಷ್ ಮಾಡಿದ ಕಲ್ಲು. ಕಣ್ಣನ್ನು ಕಲ್ಲಿನ ಮಟ್ಟಕ್ಕೆ ಇಳಿಸಿ ನೋಡಿದಳು. "ಬಾ ಇಲ್ಲಿ, ನೋಡಮ್ಮಿ. ಬಿಗಿದು ಬಿಗಿದು ತಗಡು ಸೊಟ್ಟಗಾಗ್ಬುಟ್ಟದೆ. ಬೆಳ್ಕು ನುಗ್ಗೋ ಕಡೆ ಎಣ್ಣೆ ನುಗ್ಗಲ್ವಾ?" ಅಂಚಿನ ಒಂದು ಕಡೆ ಕೂದಲೆಳೆಯಷ್ಟು ಬೆಳಕು ಕಾಣುತ್ತಿತ್ತು. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮತ್ತೆ ಕಲ್ಲಿಗಿಟ್ಟು ನೋಡಿ, ಬೆಳಕು ಮುಚ್ಚುವ ತನಕ ಕುಳಿತಳು.

"ಗೆದ್ದಾಯ್ತಲ್ಲ ಅತ್ತೆ, ಇನ್ಯಾಕೆ ಬಿಚ್ದೆ?" ಎಂದು ಕೇಳಿದೆ.

"ಗೆದ್ದಿದ್ದು ನಿಮ್ಮಪ್ಪನ್ ತವ ಕಣಮ್ಮಿ. ಕಾರಿನ್ ತವ ಗೆಲ್ಬೇಡ್ವಾ?"

ಆಮೇಲೆ ಆ ಕಾರು ಮುದಿಯಾಗಿ ನಿಲ್ಲುವವರೆಗೂ ಆ ಮುಚ್ಚಳದಿಂದ ಹನಿ ಬೀಳಲಿಲ್ಲ. ಅತ್ತೆಯದು ತೃಪ್ತಿಯಿಲ್ಲದ ಕೈ ಎಂದು ನಾನು ಅಂದುಕೊಂಡೆ.

ಈಗ ಮತ್ತೆ ನನ್ನ ಕಾರಿಗೆ ಬರೋಣ. ಪ್ಯಾಕಿಂಗು ತಂದೆ. ಕೆರೆದೆ, ಒರೆಸಿದೆ, ಕೂರಿಸಿದೆ. ಎದುರು ಮನೆಯವರು ಬಾಲ್ಕನಿಗೆ ಕುರ್ಚಿ ತಂದು ಹಾಕಿಕೊಂಡು ನೋಡಿದರು. ಅವರು ನೋಡುತ್ತಿದ್ದಾರೆಂಬ ಹಟಕ್ಕೋ ಏನೋ, ಬೋಲ್ಟುಗಳನ್ನು ಒಂದು ಸುತ್ತು ಜಾಸ್ತಿಯೇ ಬಿಗಿದೆ. ಯಜಮಾನರು ಬಂದು, "ಗುಂಡ್ಲುಪೇಟೆಗೆ ಹೋಗಿಬರೋಣ. ಅಲ್ಲಿ ನಿಲ್ಲಿಸಿದಾಗ ಒಂದು ಹನಿ ಬಿದ್ದರೂ ಮಾರೋದು. ಒಪ್ಪಿಗೆಯಾ?" ಎಂದರು. ಮದುವೆಯಾದ ಹೊಸತರಲ್ಲಿ ಪಂಚೆಯ ಕಥೆ ಅವರಿಗೆ ಹೇಳಿದ್ದೇ ತಪ್ಪಾಯಿತು. ಒಪ್ಪಿದೆ.

ಮಾದೇವತ್ತೆ ಈಗಲೂ ಅದೇ ಮನೆಯಲ್ಲಿ, ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ತಲೆ ಪೂರ್ತಿ ಬೆಳ್ಳಗಾಗಿದೆ, ಬಾಯಿ ಹಾಗೇ ಇದೆ. ಪಂದ್ಯದ ವಿಷಯ ಕೇಳಿದವಳೇ ಒಳಗೆ ಹೋಗಿ ಟ್ರಂಕು ತೆಗೆದಳು. ಕೈಯಲ್ಲಿ ಮಡಚಿದ ಬಟ್ಟೆ. ಬಿಚ್ಚಿದರೆ ಅಪ್ಪನ ಪಂಚೆ! ಅಪ್ಪ ತೀರಿಕೊಂಡಾಗ ಅವರ ವಸ್ತುಗಳಲ್ಲಿ ಅವಳು ಕೇಳಿ ತೆಗೆದುಕೊಂಡದ್ದು ಅದೊಂದನ್ನೇ ಎಂದು ನನಗೆ ಗೊತ್ತಿತ್ತು. ಹಳದಿಗಟ್ಟಿದೆ, ಬೆರಳ ಗುರುತು ಹಾಗೇ ಇದೆ. ಅದನ್ನು ತಾನೇ ಬಗ್ಗಿ ನನ್ನ ಕಾರಿನ ಕೆಳಗೆ ಹಾಸಿ, ಬಾನೆಟ್ಟು ಎತ್ತಿಸಿ, ಮುಚ್ಚಳದ ಸುತ್ತ ಮುಟ್ಟಿ ನೋಡು ಎಂದಳು. ನೋಡಿದೆ. ಹಿಂಬದಿಯ ಒಂದು ಮೂಲೆಯಲ್ಲಿ ಬೆರಳು ಜಾರಿತು.

ಯಜಮಾನರು ಕಾಫಿಗೆಂದು ಒಳಗೆ ಹೋಗಿದ್ದರು. ಅಷ್ಟರಲ್ಲಿ ಬಿತ್ತು. ಒಂದೇ ಹನಿ, ಹಳೆಯ ಕಲೆಯ ಪಕ್ಕದಲ್ಲೇ. ನಾನೂ ನೋಡಿದೆ, ಅತ್ತೆಯೂ ನೋಡಿದಳು. ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ವಯಸ್ಸಿಗೆ ಒಂದು ಕಾರಿಗಾಗಿ ಅಳುವುದು ನಾಚಿಕೆ, ಆದರೂ ಬಂತು.

"ಕೈ ನೋಡ್ಕಮ್ಮಿ, ಮಸಿಯಾಗ್ಬುಟ್ಟದೆ. ಒರಸ್ಕ," ಎಂದಳು ಅತ್ತೆ.

ನಾನು ಚಿಂದಿ ಬಟ್ಟೆ ಹುಡುಕಿದೆ.

"ಎಲ್ಲೆಲ್ಲೋ ಯಾಕ್ ಉಡುಕ್ತೀಯ? ಪಂಚೆ ಇಲ್ವಾ? ಅಲ್ಲೇ ಒರಸ್ಕ."

ಬಗ್ಗಿ ಒರೆಸಿಕೊಂಡೆ. ನನ್ನ ಕೈಯಡಿ ಆ ಹನಿ ಮಸಿಯಲ್ಲಿ ಮಸಿಯಾಗಿ ಹೋಯಿತು. ಪಕ್ಕದಲ್ಲಿ ಅತ್ತೆಯ ಹಳೆಯ ಬೆರಳ ಗುರುತು. ನನ್ನ ಕೈ ಅಲ್ಲೇ ನಿಂತಿತು. ಅಪ್ಪ ಏಳುವ ಮೊದಲೇ ಅವಳು ಎದ್ದದ್ದು, ಒರೆಸಿಕೊಂಡದ್ದು, ಮಾರನೆಯ ಬೆಳಿಗ್ಗೆ ಮತ್ತೆ ಬಿಚ್ಚಿದ್ದು ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು.

"ಅತ್ತೆ, ಆವತ್ತೂ ಬಿದ್ದಿತ್ತಾ?"

"ಬಾಯ್ ಮುಚ್ಕ. ಅಳಿಯಂದ್ರು ಬತ್ತಾವ್ರೆ."

ಯಜಮಾನರು ಬಂದು ಬಗ್ಗಿ ನೋಡಿದರು. "ಬಿತ್ತಾ?"

"ಬೀಳದೇನು ಬಂತು? ನಿಮ್ಮನೆಯವ್ಳು ಕೈ ಒರಸ್ಕಂಡ್ಳು, ಅಷ್ಟೇಯ," ಎಂದು ಅತ್ತೆ ಪಂಚೆ ಎಳೆದು ಮಡಚಿ ಕಂಕುಳಲ್ಲಿಟ್ಟುಕೊಂಡಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಮಾರನೆಯ ಬೆಳಿಗ್ಗೆ ನಮ್ಮ ಅಡುಗೆಮನೆಯ ಕರಿಕಲ್ಲಿನ ಕಟ್ಟೆ ಖಾಲಿ ಮಾಡಿ, ಕಾರಿನ ಮುಚ್ಚಳವನ್ನು ಬೋರಲು ಹಾಕಿ, ಬಗ್ಗಿ ನೋಡಿದೆ. ಹಿಂಬದಿಯ ಮೂಲೆಯಲ್ಲಿ ಕೂದಲೆಳೆಯಷ್ಟು ಬೆಳಕು. ಯಜಮಾನರು ಕಾಫಿ ಲೋಟ ಹಿಡಿದು ಬಂದು ನಿಂತರು.

"ಗೆದ್ದಾಯ್ತಲ್ಲ, ಇನ್ಯಾಕೆ ಬಿಚ್ಚಿದೆ?"

"ಗೆದ್ದದ್ದು ನಿಮ್ಮ ಹತ್ತಿರ," ಎಂದೆ. "ಸ್ವಲ್ಪ ಆ ಕಡೆ ಸರೀರಿ. ಬೆಳಕಿಗೆ ಅಡ್ಡ ನಿಂತಿದ್ದೀರಿ."